ಉಲ್ಕೆಯ ಕಬ್ಬಿಣಕ್ಕೆ ವಯಸ್ಸೆಷ್ಟು? ಕೆಮಿಸ್ಟ್ರಿ ಬ್ಯಾಚ್ ಗುಂಪಿನ ವಾದ

ಸುರೇಶ: ಮೇಲೆ ಹಾಕಿರುವ ಲೇಖನ ಓದಿ. ಉಲ್ಕಾಶಿಲೆಯ ಲೋಹದ ಕಣಗಳಲ್ಲಿ 456 ಕೋಟಿ ವರ್ಷ ಹಿಂದಿನ ರಾಸಾಯನಿಕ ಕ್ರಿಯೆಗಳ ಗುರುತು ಇದೆಯಂತೆ. ನನಗಂತೂ ಸುಳ್ಳು ಅನಿಸುತ್ತದೆ. ಉರಿಯುತ್ತಾ ಬೀಳುವ ಕಲ್ಲಿನಲ್ಲಿ ಹಳೆಯದೇನು ಉಳಿದೀತು?

ವಸುಧಾ: ಉರಿಯುವುದು ಹೊರಮೈ ಮಾತ್ರ ಕಣೋ. ಕರಗಿ ಕಪ್ಪಾಗುವ ಸಿಪ್ಪೆ ಸುಮಾರು ಒಂದು ಮಿಲಿಮೀಟರ್ ದಪ್ಪ. ಆ ಬಿಸಿ ಇರುವುದೇ ಕೆಲವು ಸೆಕೆಂಡು, ಒಳಗೆ ಇಳಿಯಲು ಹೊತ್ತೇ ಸಾಲದು.

ಸುರೇಶ: ಸರಿ, ಬಿದ್ದ ಮೇಲೆ? ಕಬ್ಬಿಣ ಅಂದಮೇಲೆ ತುಕ್ಕು ಹಿಡಿಯಲೇಬೇಕು. ಅದನ್ನೇ ಹಳೆಯ ಗುರುತು ಅಂದುಕೊಂಡಿರಬಹುದು.

ವಸುಧಾ: ತುಕ್ಕು ಹಿಡಿಯುತ್ತದೆ, ನಿಜ. ಆದರೆ ಇಲ್ಲಿ ಕಣದ ಸುತ್ತ ಇರುವುದು ಟ್ರಾಯ್ಲೈಟ್, ಅಂದರೆ ಕಬ್ಬಿಣದ ಸಲ್ಫೈಡ್. ಮಳೆ ನೀರಿನಲ್ಲಿ ಅದು ಹುಟ್ಟುವುದಿಲ್ಲ, ಹಾಳಾಗುತ್ತದೆ. ಗ್ರಹಗಳು ಹುಟ್ಟುವ ಮೊದಲು ಸೂರ್ಯನ ಸುತ್ತ ಇದ್ದ ಅನಿಲದಲ್ಲಿ ಹೈಡ್ರೋಜನ್ ಸಲ್ಫೈಡ್ ಇತ್ತು. ಅದರ ಗಂಧಕ ಕಬ್ಬಿಣದ ಜೊತೆ ಸೇರಿತು, ಹೈಡ್ರೋಜನ್ ಹೊರಟುಹೋಯಿತು. ಆ ಅನಿಲದ ಮಿಶ್ರಣದಲ್ಲಿ ಬಿಸಿ 430 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿದ ಮೇಲೇನೇ ಇದು ಶುರುವಾಗುವುದು. ಆ ಪದರ ನಮಗೆ ಥರ್ಮಾಮೀಟರ್ ಇದ್ದ ಹಾಗೆ.

ಶಿವು: ಬಿಷುನ್‌ಪುರದ ಕಲ್ಲನ್ನೂ ಸೇರಿಸು ವಸುಧಾ. ಸುರೇಶ, ಇದು 1895ರಲ್ಲಿ ಇಂದಿನ ಉತ್ತರ ಪ್ರದೇಶದಲ್ಲಿ ಬಿದ್ದದ್ದು. ಅದರ ಲೋಹದ ಕಣಗಳ ಒಳಗೇ ಸಿಲಿಕಾ, ಕ್ರೋಮೈಟ್, ಫಾಸ್ಫೇಟ್ ಚುಕ್ಕೆಗಳಿವೆ. ಸಿಲಿಕಾನ್, ಕ್ರೋಮಿಯಂ, ರಂಜಕ ಮೊದಲು ಕಾದ ಲೋಹದಲ್ಲಿ ಕರಗಿದ್ದವು. ತಣ್ಣಗಾಗುತ್ತಾ ಆಮ್ಲಜನಕ ಸಿಕ್ಕಾಗ ಕಬ್ಬಿಣವನ್ನು ಬಿಟ್ಟು ಅವೇ ಮೊದಲು ಅದರ ಜೊತೆ ಸೇರಿದವು. ನಮ್ಮ ಮಳೆಗಾಲ ಇಷ್ಟೆಲ್ಲ ಮಾಡಲು ಸಾಧ್ಯವಾ ಹೇಳು.

ಸುರೇಶ: ಆಗಲಿ, ತುಕ್ಕಿನ ಮಾತು ಬಿಡೋಣ. ಆದರೆ ಸಲ್ಫೈಡ್ ಎಲ್ಲಾ ಅನಿಲದಿಂದಲೇ ಬಂತು ಅಂತ ಹೇಗೆ ಹೇಳುತ್ತೀರಿ? ಈ ಕಲ್ಲು ಮೊದಲು ಇದ್ದ ಕ್ಷುದ್ರಗ್ರಹದ ಒಳಗೆ ಅದು ಬಿಸಿಯಾದಾಗ ಗಂಧಕ ಓಡಾಡಿರಬಹುದು ಅಲ್ವಾ?

ವಸುಧಾ: ಕೆಲವು ಕಲ್ಲುಗಳಲ್ಲಿ ಹಾಗೇ ಆಗಿದೆ. ನೀರೂ ಹರಿದಿದೆ. 1940ರಲ್ಲಿ ಮಧ್ಯಪ್ರದೇಶದಲ್ಲಿ ಬಿದ್ದ ಸೆಮರ್ಕೋನಾ ಅತಿ ಕಡಿಮೆ ಕಾದ ಕಲ್ಲುಗಳಲ್ಲಿ ಒಂದು. ಅದರಲ್ಲೂ ನೀರು ಕೆಲಸ ಮಾಡಿದ ಗುರುತು ಕಾಣುತ್ತದೆ. ಅದಕ್ಕೇ ಕಡಿಮೆ ಕಾದ ಕಲ್ಲುಗಳನ್ನೇ ಆರಿಸಿ, ಯಾವ ಪದರ ಯಾವುದರ ಮೇಲೆ ಕೂತಿದೆ ಅಂತ ನೋಡುತ್ತಾರೆ. ಲ್ಯಾಬಿನಲ್ಲಿ ಕಬ್ಬಿಣದ ಮೇಲೆ ಅದೇ ಅನಿಲ ಹಾಯಿಸಿ ಹೋಲಿಸುತ್ತಾರೆ.

ಸುರೇಶ: ಲೇಖನದಲ್ಲಿ ಈ ಮಾತೇ ಇಲ್ಲವಲ್ಲ. ಎಲ್ಲಾ ಸಲ್ಫೈಡ್‌ಗೂ ಒಂದೇ ಕಥೆ ಹೇಳಿದ್ದಾರೆ. ನನ್ನ ತಕರಾರು ಇರುವುದೇ ಅಲ್ಲಿ.

ವಸುಧಾ: ಆ ತಕರಾರು ನ್ಯಾಯವಾಗಿದೆ. ಅಷ್ಟನ್ನೇ ಬರೆದು ಕಳಿಸು. 'ಎಲ್ಲಾ ಸುಳ್ಳು' ಅಂತ ಮಕ್ಕಳ ಶಾಲೆಯ ಗುಂಪಿಗೆ ಹಾಕಬೇಡ, ಅವರು ಓದಿ ನಂಬಿಬಿಡುತ್ತಾರೆ.