ಪದಚರ್ಚೆ: ‘ಪ್ಯಾಚ್ ಕ್ಲಾಂಪ್’ಗೆ ತೇಪೆ ಹಿಡಿತ ಸರಿಯೇ? (ಫಲಕ ನಾಳೆ ಅಚ್ಚಿಗೆ)

ವಿ.ಎನ್.:

ಎಲ್ಲರಿಗೂ ನಮಸ್ಕಾರ. ಕಿರುಮೆದುಳಿನ ಸಿನಾಪ್ಸ್‌ಗಳನ್ನು (ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸುವ ಕೂಡುಜಾಗಗಳನ್ನು) ಅಳೆಯುವ ಪ್ರಯೋಗಾಲಯವೊಂದಕ್ಕೆ ಕನ್ನಡ ಫಲಕ ಬರೆಯುತ್ತಿದ್ದೇನೆ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಪಿಯುಸಿ ಮಕ್ಕಳು ಬರುತ್ತಾರೆ. ಫ್ಲೆಕ್ಸ್‌ನವರಿಗೆ ನಾಳೆ ಬೆಳಿಗ್ಗೆ ಹತ್ತರೊಳಗೆ ಪಠ್ಯ ಕೊಡಬೇಕು. ಕರಡಿನಲ್ಲಿ, ಸಪುರ ಗಾಜಿನ ಕೊಳವೆಯನ್ನು (ಪಿಪೆಟ್ಟು) ಕೋಶದ ಪೊರೆಗೆ ಅಂಟಿಸಿ ಕರೆಂಟ್ ಅಳೆಯುವ ಪ್ಯಾಚ್ ಕ್ಲಾಂಪ್‌ಗೆ ‘ತೇಪೆ ಹಿಡಿತ’, ಪಿಪೆಟ್ಟು-ಪೊರೆ ಸೋರದಂತೆ ಕೂಡುವ ಗಿಗಾ ಸೀಲ್‌ಗೆ ‘ಗಿಗಾ ಮುದ್ರೆ’ ಎಂದಿದೆ; ಎರಡೂ ನನಗೆ ಒಪ್ಪಿಗೆಯಾಗುತ್ತಿಲ್ಲ. ಮಿದುಳಿನ ತೆಳು ಸ್ಲೈಸ್‌ಗೆ ಹೋಳು, ಬಿಲ್ಲೆ, ಸೀಳು ಮೂರೂ ಒಂದೊಂದು ಕಡೆ ಬಂದಿವೆ, ಒಂದನ್ನು ಉಳಿಸಿಕೊಳ್ಳಬೇಕು. ಸಿನಾಪ್ಸ್ ಹಾಗೇ ಇಟ್ಟಿದ್ದೇನೆ. ದಯವಿಟ್ಟು ಇಂದು ರಾತ್ರಿಯೊಳಗೆ ತಿಳಿಸಿ.

ಎಂ.ಆರ್.:

ವಿ.ಎನ್. ಅವರೇ, ‘ತೇಪೆ’ ಬೇಡವೇ ಬೇಡ. ಹರಿದದ್ದನ್ನು ಮುಚ್ಚಲು ಹಾಕುವುದು ತೇಪೆ. ಇಲ್ಲಿ ಪಿಪೆಟ್ಟಿನ ಬಾಯಿಗೆ ಸಿಕ್ಕ ಪೊರೆಯ ಚೂರಿಗೆ ಪ್ಯಾಚ್ ಎಂದು ಹೆಸರು. ಆ ಬಾಯಿ ಒಂದೆರಡು ಮೈಕ್ರಾನ್ ಅಗಲ, ಅಷ್ಟೇ. ‘ಹಿಡಿತ’ ಎಂದರೆ ಮಕ್ಕಳು ಇಕ್ಕಳವನ್ನು ನೆನೆಯುತ್ತಾರೆ. ಕ್ಲಾಂಪ್ ಆಗುವುದು ಪೊರೆಯಲ್ಲ, ವೋಲ್ಟೇಜು. ಆಂಪ್ಲಿಫೈಯರ್ ಅದನ್ನು −70 ಮಿಲಿವೋಲ್ಟ್‌ನಲ್ಲಿ ಕದಲದಂತೆ ನಿಲ್ಲಿಸುತ್ತದೆ. ಹಾಗೆ ನಿಲ್ಲಿಸಲು ಎಷ್ಟು ಕರೆಂಟ್ ಹರಿಸಬೇಕಾಯಿತೋ ಅದೇ ನಮ್ಮ ಅಳತೆ.

‘ಮುದ್ರೆ’ಯೂ ತಪ್ಪು. ಸೀಲ್ ಆಗುವಾಗ ನಡೆಯುವುದು ಇಷ್ಟು: 2–4 ಮೆಗಾಓಮ್ ರೋಧದ ಗಾಜಿನ ಪಿಪೆಟ್ಟನ್ನು ಒಳಗಿನಿಂದ ಸ್ವಲ್ಪ ಒತ್ತಡ ಕೊಟ್ಟುಕೊಂಡೇ ದ್ರವಕ್ಕೆ ಇಳಿಸಬೇಕು, ಇಲ್ಲದಿದ್ದರೆ ದಾರಿಯಲ್ಲಿನ ಕಸ ತುದಿಗೆ ಅಂಟುತ್ತದೆ. ಪುರ್ಕಿಂಜೆ ಕೋಶದ (ಕಿರುಮೆದುಳಿನ ದೊಡ್ಡ ನರಕೋಶ) ಮೈಗೆ ತಾಗಿದಾಗ ಪೊರೆಯ ಮೇಲೆ ಪುಟ್ಟ ಗುಳಿ ಬೀಳುತ್ತದೆ. ಆ ಕ್ಷಣವೇ ಒತ್ತಡ ಬಿಟ್ಟು ಮೆಲ್ಲಗೆ ಹೀರಬೇಕು. ಪೊರೆ ಗಾಜನ್ನು ಕಚ್ಚಿಕೊಂಡು ರೋಧ 1 ಗಿಗಾಓಮ್ ದಾಟುತ್ತದೆ. ಒಮ್ಮೆ ಕಚ್ಚಿಕೊಂಡರೆ ಎಷ್ಟು ಗಟ್ಟಿ ಎಂದರೆ ಎಳೆದಾಗ ಪೊರೆ ಹರಿದೀತು, ಕೂಡಿದ ಜಾಗ ಬಿಡುವುದಿಲ್ಲ. ಹಾಗಾಗಿ ‘ಗಿಗಾ ಬೆಸುಗೆ’. ಮುದ್ರೆ ಒತ್ತುವ ಸೀಲೇ ಬೇರೆ, ಸೋರದಂತೆ ಕೂಡುವ ಸೀಲೇ ಬೇರೆ.

ಒಮ್ಮೆ ಬಳಸಿದ ಪಿಪೆಟ್ಟಿನಲ್ಲಿ ಮತ್ತೊಂದು ಕೋಶ ಹಿಡಿಯಲು ಹೋದರೆ ಬೆಸುಗೆ ಕೂಡುವುದಿಲ್ಲ. ತುದಿಯಲ್ಲಿ ಪೊರೆಯ ಪಸೆ ಉಳಿದಿರುತ್ತದೆ. ಇದನ್ನೂ ಫಲಕದಲ್ಲಿ ಒಂದು ಸಾಲು ಬರೆಯಿರಿ, ಮಕ್ಕಳು ಕೇಳಿಯೇ ಕೇಳುತ್ತಾರೆ.

ಕೆ.:

ಸ್ಲಯ್ಸ್ = ಹೋಳು. ಇದರಲ್ಲಿ ಚರ್ಚೆಗೇನಿದೆ? ಹಳಗನ್ನಡದ ಪೋೞ್, ತಮಿಳಿನಲ್ಲೂ ಪೋೞ್, ಸೀಳು ಎಂಬುದೇ ಬೇರಿನ ಹುರುಳು. ಕೊನೆಯದು ಳ ಅಲ್ಲ, ೞ. ಅಚ್ಚಗನ್ನಡದ ಪದ ಕಣ್ಣಮುಂದೆ ಇರುವಾಗ ಬಿಲ್ಲೆ ಯಾಕೆ?

ಆದರೆ ಸಿನಾಪ್ಸ್ ಅನ್ನು ಹಾಗೇ ಬಿಟ್ಟಿದ್ದೀರಿ ಎಂಬುದೇ ನನ್ನ ತಕರಾರು. ನಮ್ಮಲ್ಲಿ ‘ಸಂದು’ ಇದೆ. ಕೀಲುಸಂದು ಎಂದರೆ ಎರಡು ಸೇರುವ ಕಡೆ, ಸಂದುಗೊಂದು ಎಂದರೆ ನಡುವಿನ ತೆರಪು. ಸಿನಾಪ್ಸ್‌ನಲ್ಲಿ ಎರಡೂ ಇವೆ. ‘ನರಸಂದು’ ಎಂದು ಬರೆಯಿರಿ. ಸಲ್ ಎಂಬ ಬೇರಿನಿಂದ ‘ಸಂದು’ ಆಗಿದೆ, ಹಾಗಾಗಿ ಸುದ್ದಿ ಸಲ್ಲುವ ಜಾಗ ಎಂಬ ಹುರುಳೂ ಸೇರುತ್ತದೆ.

ಎಸ್. ಶಾ.:

ಸಲ್ ಧಾತುವಿನ ‘ಸಂದು’ ಭೂತಕೃದಂತ. ‘ಸಂದು ಹೋಯಿತು’ ಎನ್ನುವಾಗ ಇರುವುದು. ನೀವು ಹೇಳುವ ನಾಮಪದ ‘ಸಂದು’ ಸಂಧಿ ಶಬ್ದದ ತದ್ಭವ. ಎರಡನ್ನೂ ಬೆರೆಸಬೇಡಿ. ಸಂಸ್ಕೃತ ಬೇಡ ಎನ್ನುತ್ತಲೇ ಸಂಸ್ಕೃತವನ್ನು ಹಿತ್ತಿಲ ಬಾಗಿಲಿಂದ ತಂದಿದ್ದೀರಿ. ‘ಸಂಸರ್ಗ’ ಎಂದರೆ ಪೂರ್ತಿ ಅರ್ಥ ಬರುತ್ತದೆ.

ಕೆ.:

ಕನ್ನಡದ ಬಾಯಲ್ಲಿ ನೂರಾರು ವರುಶ ಸವೆದ ಪದ ಕನ್ನಡದ್ದೇ. ಎಲ್ಲಿಂದ ಬಂದಿತು ಎಂಬುದು ಲೆಕ್ಕಕ್ಕಿಲ್ಲ. ‘ಸಂಸರ್ಗ’ವನ್ನು ಯಾವ ಊರಿನಲ್ಲಿ ಯಾರು ಆಡುತ್ತಾರೆ?

ಎಂ.ಆರ್.:

ಸಂಸರ್ಗ ಎಂದರೆ ಆ ವಯಸ್ಸಿನ ಮಕ್ಕಳು ನಗುತ್ತಾರೆ. ಅದನ್ನು ಅಲ್ಲಿಗೇ ಬಿಡೋಣ.

ಜಿ.ಟಿ.:

‘ನರಸಂದು’ ಕೇಳಲು ಚೆನ್ನಾಗಿದೆ, ಪ್ರಯೋಗಾಲಯದ ಬೆಂಚಿನ ಮೇಲೆ ನಿಲ್ಲುವುದಿಲ್ಲ. ಷೆರಿಂಗ್‌ಟನ್ 1897ರಲ್ಲಿ ಸಿನಾಪ್ಸ್ ಪದವನ್ನು ಚಲಾವಣೆಗೆ ತಂದಾಗ ನಡುವಿನ ತೆರಪನ್ನು ಯಾರೂ ಕಂಡಿರಲಿಲ್ಲ. ಗ್ರೀಕ್ ಮೂಲದಲ್ಲಿ ಇರುವುದು ಕೂಡಿ ಹಿಡಿಯುವ ಅರ್ಥ. ಸುಮಾರು 20 ನ್ಯಾನೊಮೀಟರ್‌ನ ಆ ತೆರಪು ಕಂಡದ್ದು 1950ರ ದಶಕದಲ್ಲಿ, ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ. ಈಗ ಆ ತೆರಪಿಗೂ ಒಂದು ಹೆಸರು ಬೇಕಲ್ಲ? ಕನ್ನಡದಲ್ಲಿ ಅದಕ್ಕೆ ಒಗ್ಗುವುದು ‘ಸಂದು’ ಎಂಬುದೇ. ಸಿನಾಪ್ಸ್ ಕೂಡ ಸಂದು ಆದರೆ ‘ಸಂದಿನ ಸಂದು’ ಎಂದು ಬರೆಯಬೇಕಾಗುತ್ತದೆ. ಇನ್ನೂ ಒಂದು ತೊಡಕು: ಕಿರುಮೆದುಳಿನ ಗಾಲ್ಜಿ ಕೋಶಗಳೆಂಬ ನರಕೋಶಗಳ ನಡುವೆ ವಿದ್ಯುತ್ ಸಿನಾಪ್ಸ್‌ಗಳಿವೆ. ಅಲ್ಲಿ ರಾಸಾಯನಿಕ ದಾಟುವ ಆ ತೆರಪೇ ಇಲ್ಲ, ಒಂದು ಕೋಶದಿಂದ ಇನ್ನೊಂದಕ್ಕೆ ನೇರ ಕೊಳವೆಗಳಿವೆ. ಅವನ್ನೂ ನರಸಂದು ಎನ್ನುತ್ತೀರಾ?

ಸಿನಾಪ್ಸ್ ಹಾಗೇ ಇರಲಿ. ತೆರಪಿಗೆ ‘ಸಿನಾಪ್ಸ್ ಸಂದು’. ಕೆ. ಅವರ ಪದ ಅದರ ತಕ್ಕ ಜಾಗಕ್ಕೆ ಬಂದಂತಾಯಿತು.

ಫಲಕದಲ್ಲಿ ಸಿನಾಪ್ಟೋಸೋಮ್ (ಮಿದುಳನ್ನು ಅರೆದಾಗ ಕಳಚಿ ಬರುವ ನರತುದಿಗಳು) ಭಾಗವೂ ಇದೆಯೇ? ಇದ್ದರೆ ಒಂದು ಎಚ್ಚರಿಕೆ. ಇಡೀ ಮಿದುಳಿಗೆ ಬರೆದ ವಿಧಾನವನ್ನು ಕಿರುಮೆದುಳಿಗೆ ಹಾಗೇ ಇಳಿಸಬೇಡಿ. 0.32 ಮೋಲಾರ್ ಸುಕ್ರೋಸ್‌ನಲ್ಲಿ ಗಾಜು-ಟೆಫ್ಲಾನ್ ಹೋಮೊಜೆನೈಸರ್‌ನಿಂದ ಅರೆದು, ಗುರುತ್ವದ 1000 ಪಟ್ಟು ಬಲದಲ್ಲಿ (1000 ಜಿ) 10 ನಿಮಿಷ ತಿರುಗಿಸಿ, ಕೆಳಗಿನ ಗಸಿಯನ್ನು ಎಸೆಯುವುದು ರೂಢಿ. ಕಿರುಮೆದುಳಿನಲ್ಲಿ ಪಾಚಿನಾರುಗಳ (ಹೊರಗಿನಿಂದ ಕಿರುಮೆದುಳಿಗೆ ಬರುವ ಮಾಸಿ ಫೈಬರ್) ತುದಿಗಳು ಬಹಳ ದೊಡ್ಡವು. ಅವು ಕೋಶಕೇಂದ್ರಗಳ ಜೊತೆ ಆ ಮೊದಲ ಗಸಿಯಲ್ಲೇ ಕೂರುತ್ತವೆ. ಗಸಿ ಎಸೆದರೆ ಪಾಚಿನಾರಿನ ಸಿನಾಪ್ಸ್‌ಗಳನ್ನೇ ಎಸೆದಂತೆ. ಮೇಲಿನ ದ್ರವದಲ್ಲಿ ಉಳಿಯುವುದು ಬಹುಪಾಲು ಸಮಾಂತರ ನಾರುಗಳ (ಪುರ್ಕಿಂಜೆ ಕೋಶಗಳಿಗೆ ಸುದ್ದಿ ತರುವ ಪ್ಯಾರಲಲ್ ಫೈಬರ್) ಸಣ್ಣ ತುದಿಗಳು. ಅವನ್ನು ಸುಕ್ರೋಸ್‌ನ ಮೆಟ್ಟಿಲುಗಳ (ಕೆಳಕೆಳಗೆ ದಟ್ಟವಾಗುವ ಪದರಗಳ) ಮೇಲೆ ತಿರುಗಿಸಿದರೆ 0.8 ಮತ್ತು 1.2 ಮೋಲಾರ್ ನಡುವಿನ ಬಿಳಿ ಪಟ್ಟಿಯಲ್ಲಿ ಸಿಗುತ್ತವೆ. ನಾರುಗಳ ಕೊಬ್ಬಿನ ಹೊದಿಕೆಯಾದ ಮಯಲಿನ್ ಅದರ ಮೇಲೆ, ಮೈಟೊಕಾಂಡ್ರಿಯಾ ತಳದಲ್ಲಿ. ಅರೆಯುವ ದ್ರವಕ್ಕೆ ಉಪ್ಪು ಸೇರಿಸಿದರೆ ಪೊರೆಗಳು ಗಂಟುಗಟ್ಟಿ ಪಟ್ಟಿಗಳು ಕಲಸಿಹೋಗುತ್ತವೆ.

ವಿ.ಎನ್.:

ಜಿ.ಟಿ. ಅವರೇ, ಅನಂತ ಧನ್ಯವಾದ. ಸಿನಾಪ್ಟೋಸೋಮ್ ಈ ಸಲ ಇಲ್ಲ, ಹೋಳು ಮತ್ತು ಪ್ಯಾಚ್ ಮಾತ್ರ. ‘ಗಸಿ’ ಮತ್ತು ‘ಸಿನಾಪ್ಸ್ ಸಂದು’ ಎರಡನ್ನೂ ಬರೆದಿಟ್ಟುಕೊಂಡೆ. ಹೋಳಿಗೆ ‘ಸ್ಯಾಜಿಟಲ್’ ಎಂಬ ವಿಶೇಷಣ ಇದೆ, ‘ಉದ್ದಕೊಯ್ತ’ ಎಂದಿದ್ದೇನೆ, ಸರಿಯೇ?

ಎಂ.ಆರ್.:

ಸಾಲದು. ಯಾವ ಉದ್ದ ಎಂದು ಕೇಳುತ್ತಾರೆ. ‘ಎಡ-ಬಲ ಬೇರ್ಪಡಿಸುವ ಕೊಯ್ತ’ ಎನ್ನಿ, ಪಕ್ಕದಲ್ಲಿ ಚಿತ್ರ ಹಾಕಿ. ಕಾರಣವನ್ನೂ ಬರೆಯಿರಿ: ಪುರ್ಕಿಂಜೆ ಕೋಶದ ಕವಲುಗಳು ಚಪ್ಪಟೆಯಾಗಿ ಅದೇ ಸಮತಲದಲ್ಲಿ ಹರಡಿವೆ. ಈ ದಿಕ್ಕಿನಲ್ಲಿ 250–300 ಮೈಕ್ರಾನ್ ಕೊಯ್ದರೆ ಕವಲುಗಳು ಬಹುಮಟ್ಟಿಗೆ ಇಡಿಯಾಗಿ ಉಳಿಯುತ್ತವೆ, ಅವುಗಳ ಮೇಲೆ ಹಬ್ಬುವ ಹಬ್ಬುನಾರೂ (ಕ್ಲೈಂಬಿಂಗ್ ಫೈಬರ್) ಉಳಿಯುತ್ತದೆ. ಸಮಾಂತರ ನಾರುಗಳು ಅಡ್ಡಡ್ಡ ಓಡುವುದರಿಂದ ಅವು ತುಂಡಾಗುತ್ತವೆ. ಅವು ಉದ್ದಕ್ಕೂ ಬೇಕೆಂದರೆ ಅಡ್ಡ ಹೋಳು ಕೊಯ್ಯಬೇಕು.

ಎರಡು ನಾರುಗಳನ್ನು ಗುರುತಿಸುವ ಬಗೆಯೂ ಫಲಕದಲ್ಲಿರಲಿ. 50 ಮಿಲಿಸೆಕೆಂಡ್ ಅಂತರದಲ್ಲಿ ಎರಡು ಬಾರಿ ಪ್ರಚೋದಿಸಿ. ಎರಡನೆಯ ಪ್ರತಿಕ್ರಿಯೆ ದೊಡ್ಡದಾದರೆ, ಪ್ರಚೋದನೆ ಹೆಚ್ಚಿಸಿದಂತೆ ಪ್ರತಿಕ್ರಿಯೆಯೂ ಹೆಚ್ಚುತ್ತಾ ಹೋದರೆ ಸಮಾಂತರ ನಾರು. ಎರಡನೆಯದು ಚಿಕ್ಕದಾದರೆ, ಒಂದು ಮಟ್ಟಕ್ಕೆ ಏನೂ ಇಲ್ಲ, ಅದು ದಾಟಿದರೆ ಪೂರ್ತಿ ಎಂಬಂತಿದ್ದರೆ ಹಬ್ಬುನಾರು. ಹಬ್ಬುನಾರಿನ ಕರೆಂಟ್ ಹಲವು ನ್ಯಾನೊಆಂಪಿಯರ್ ಇರುತ್ತದೆ. ಸರಣಿ ರೋಧ (ಪಿಪೆಟ್ಟಿನ ಮೂಲಕ ಕೋಶದೊಳಕ್ಕೆ ಹೋಗುವ ದಾರಿಯ ರೋಧ) 10 ಮೆಗಾಓಮ್ ಇದ್ದರೆ ಪ್ರತಿ ನ್ಯಾನೊಆಂಪಿಯರ್‌ಗೆ 10 ಮಿಲಿವೋಲ್ಟ್ ದೋಷ ಬರುತ್ತದೆ. ಅದಕ್ಕೇ ಅಂಥ ಅಳತೆಯಲ್ಲಿ, ಕರೆಂಟ್ ಚಿಕ್ಕದಾಗಲೆಂದು, ಕೋಶವನ್ನು −70ರ ಬದಲು −10ರ ಆಸುಪಾಸಿನಲ್ಲಿ ನಿಲ್ಲಿಸುವ ಪದ್ಧತಿ ಇದೆ.

ಕೆ.:

ಪುರ್ಕಿಂಜೆ ಅಲ್ಲ, ಚೆಕ್ ನುಡಿಯಲ್ಲಿ ಪುರ್ಕಿನ್ಯೆ. ಆಂಪ್ಲಿಪಯರ್, ವೋಲ್ಟೇಜು, ಕರೆಂಟು, ಪಿಪೆಟ್ಟು, ಸರಣಿ, ಸಮಾಂತರ... ಒಂದು ಸಾಲಿನಲ್ಲಿ ಎಶ್ಟು ಕನ್ನಡ ಉಳಿಯಿತು? ಅರಿಮೆಯ ಬರಹ ಎಂದ ಕೂಡಲೇ ಎರವಲಿಗೆ ಕಯ್ ಚಾಚುವುದು ಚಟವಾಗಿದೆ. ಹಬ್ಬುನಾರು, ಪಾಚಿನಾರು ಕಟ್ಟಲು ಆಗುತ್ತದೆ ಎಂದರೆ ಉಳಿದವೂ ಆಗುತ್ತವೆ.

ಎಸ್. ಶಾ.:

ಆಗುವುದಿಲ್ಲ. ರೋಧ, ಸರಣಿ ಎರಡೂ ಶಾಲೆಯ ಭೌತಶಾಸ್ತ್ರದಲ್ಲಿ ನೆಲೆಯೂರಿವೆ. ಮಗು ಒಂದು ಪಾಠದಲ್ಲಿ ಒಂದು ಪದ, ಫಲಕದಲ್ಲಿ ಇನ್ನೊಂದು ಓದಬೇಕೇ?

ಜಿ.ಟಿ.:

ನಾರುಗಳ ಹೆಸರು ಕಟ್ಟಲು ಬಂದದ್ದು ಅವು ರೂಪ ನೋಡಿ ಇಟ್ಟ ಹೆಸರುಗಳಾದ್ದರಿಂದ. ಬಳ್ಳಿಯಂತೆ ಹಬ್ಬುವುದು ಹಬ್ಬುನಾರು, ಅಷ್ಟೇ. ವೋಲ್ಟೇಜ್ ಅಳತೆಯ ಹೆಸರು, ಅದನ್ನು ನೋಡಿ ಹೆಸರಿಡಲು ಬರುವುದಿಲ್ಲ. ಯಾವುದನ್ನು ಕಟ್ಟಬೇಕು, ಯಾವುದನ್ನು ತರಬೇಕು ಎಂಬುದಕ್ಕೆ ನಾನು ಹಿಡಿಯುವ ದಾರಿ ಇದು. ಎರವಲಿನ ಜಗಳಕ್ಕೆ ಬೇರೆ ಎಳೆ ತೆಗೆಯಿರಿ, ವಿ.ಎನ್. ಅವರಿಗೆ ನಾಳೆ ಹತ್ತಕ್ಕೆ ಪಠ್ಯ ಬೇಕು.

ವಿ.ಎನ್.:

ಅಚ್ಚಿಗೆ ಕಳಿಸುತ್ತಿರುವುದು ಹೀಗಿದೆ, ಕೊನೆಯ ಬಾರಿ ನೋಡಿ:

“ಅರಿವಳಿಕೆ ಕೊಟ್ಟ ಎಳೆ ಇಲಿಯ ಕಿರುಮೆದುಳನ್ನು ಮಂಜಿನಷ್ಟು ತಣ್ಣನೆಯ ದ್ರವದಲ್ಲಿ ತೆಗೆದು, ಕಂಪಿಸುವ ಬ್ಲೇಡಿನಿಂದ 250 ಮೈಕ್ರಾನ್ ದಪ್ಪದ ಹೋಳುಗಳಾಗಿ ಎಡ-ಬಲ ಬೇರ್ಪಡಿಸುವ ದಿಕ್ಕಿನಲ್ಲಿ ಕೊಯ್ಯುತ್ತಾರೆ. ಹೋಳುಗಳು 34 ಡಿಗ್ರಿಯಲ್ಲಿ ಅರ್ಧ ಗಂಟೆ ಚೇತರಿಸಿಕೊಳ್ಳುತ್ತವೆ. ದ್ರವದಲ್ಲಿ ಸೋಡಿಯಂ ಕ್ಲೋರೈಡ್ 125, ಪೊಟ್ಯಾಸಿಯಂ ಕ್ಲೋರೈಡ್ 2.5, ಸೋಡಿಯಂ ಬೈಕಾರ್ಬನೇಟ್ 26, ಸೋಡಿಯಂ ಫಾಸ್ಫೇಟ್ 1.25, ಗ್ಲೂಕೋಸ್ 25, ಕ್ಯಾಲ್ಸಿಯಂ ಕ್ಲೋರೈಡ್ 2, ಮೆಗ್ನೀಸಿಯಂ ಕ್ಲೋರೈಡ್ 1 ಮಿಲಿಮೋಲಾರ್ ಇರುತ್ತದೆ. ಗಾಜಿನ ಪಿಪೆಟ್ಟಿನ ತುದಿಗೆ ಕೋಶದ ಪೊರೆ ಕಚ್ಚಿಕೊಂಡು ಗಿಗಾ ಬೆಸುಗೆ ಆದ ಮೇಲೆ, ಪ್ಯಾಚ್ ಕ್ಲಾಂಪ್ ವಿಧಾನದಲ್ಲಿ ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ನಿಲ್ಲಿಸಿ ಸಿನಾಪ್ಸ್‌ನ ಕರೆಂಟ್ ಅಳೆಯುತ್ತಾರೆ.”

ಎಂ.ಆರ್.:

ಎರಡು ಕಡೆ ತಿದ್ದಿ. ಮೊದಲನೆಯದು, 95 ಪಾಲು ಆಮ್ಲಜನಕ, 5 ಪಾಲು ಇಂಗಾಲದ ಡೈಆಕ್ಸೈಡ್ ಇರುವ ಅನಿಲವನ್ನು ದ್ರವಕ್ಕೆ ಸದಾ ಊದುತ್ತಿರುತ್ತಾರೆ ಎಂಬುದು ಬಿಟ್ಟುಹೋಗಿದೆ. ಹಾಗೆ ಊದಿ ಪಿಎಚ್ 7.4ರ ಹತ್ತಿರ ಬಂದ ಮೇಲೆ ಕೊನೆಗೆ ಕ್ಯಾಲ್ಸಿಯಂ ಹಾಕುತ್ತಾರೆ, ಇಲ್ಲದಿದ್ದರೆ ಬೈಕಾರ್ಬನೇಟ್ ಇರುವ ದ್ರವ ಹಾಲಿನಂತೆ ಕದಡುತ್ತದೆ. ನೀವು ಬರೆದ ಪಟ್ಟಿಯ ಕ್ರಮದಲ್ಲೇ ಹಾಕುತ್ತಾರೆಂದು ಓದುವವರು ತಿಳಿಯಬಾರದು. ಎರಡನೆಯದು, ಬೆಸುಗೆ ಆದ ಮೇಲೆ ಪಿಪೆಟ್ಟಿನೊಳಗಿನ ಪೊರೆಯ ಚೂರನ್ನು ಇನ್ನೊಮ್ಮೆ ಚುರುಕಾಗಿ ಹೀರಿ ಒಡೆಯುತ್ತಾರೆ. ಅದನ್ನು ಒಡೆಯದೆ ಇಡೀ ಕೋಶದ ಸಿನಾಪ್ಸ್ ಕರೆಂಟ್ ಸಿಗದು. ಸಿಗುವುದು ಆ ಚೂರಿನಲ್ಲಿರುವ ಚಾನೆಲ್‌ಗಳ ಕರೆಂಟ್ ಮಾತ್ರ.

ವಿ.ಎನ್.:

ಎರಡನ್ನೂ ಸೇರಿಸಿದೆ. ‘ಪುರ್ಕಿಂಜೆ’ ಎಂದೇ ಇಟ್ಟಿದ್ದೇನೆ, ಪಠ್ಯಪುಸ್ತಕದ ಓದಿಗೆ ಹೊಂದಲಿ ಎಂದು. ಕಳಿಸುತ್ತಿದ್ದೇನೆ.