ಯುದ್ಧ ಕಂಡ ಊರಿನ ಜನ ಒಬ್ಬರಿಗೊಬ್ಬರು ಹತ್ತಿರ ಆಗ್ತಾರಾ, ದೂರ ಆಗ್ತಾರಾ?

ಧಾರವಾಡದ ಓದುಗ:
2022ರಲ್ಲಿ ಉಕ್ರೇನಿನ ಖಾರ್ಕಿವ್‌ನಲ್ಲಿ ನಮ್ಮ ಹಾವೇರಿ ಜಿಲ್ಲೆಯ ಮೆಡಿಕಲ್ ವಿದ್ಯಾರ್ಥಿ ದಾಳಿಗೆ ಬಲಿಯಾದಾಗಿನಿಂದ ಈ ಪ್ರಶ್ನೆ ತಲೆಯಲ್ಲಿದೆ. ವರ್ಷಗಟ್ಟಲೆ ಯುದ್ಧದ ನಡುವೆಯೇ ಬದುಕಿದವರು ಆಮೇಲೆ ಅಕ್ಕಪಕ್ಕದವರ ಜೊತೆ ಹೇಗಿರುತ್ತಾರೆ? ಯಾರನ್ನೂ ನಂಬೋದಿಲ್ಲ ಅಂತ ನನ್ನ ಅಂದಾಜು. ಗೊತ್ತಿದ್ದವರು ಹೇಳಿ.

ಗದಗಿನ ಮಾಸ್ತರ:
ಕಂಡುಬಂದಿರೋದು ಉಲ್ಟಾ. ಆಫ್ರಿಕಾದ ಸಿಯೆರಾ ಲಿಯೋನ್ ದೇಶದಲ್ಲಿ 1991ರಿಂದ 2002ರವರೆಗೆ ಒಳಯುದ್ಧ ನಡೆಯಿತು. ಅದು ಮುಗಿದ ಮೇಲೆ ಅರ್ಥಶಾಸ್ತ್ರಜ್ಞರು ನೋಡಿದರೆ, ಮನೆಯಲ್ಲಿ ಸಾವು, ಗಾಯ, ಊರು ಬಿಟ್ಟು ಓಡೋದು ಇದನ್ನೆಲ್ಲ ಜಾಸ್ತಿ ಅನುಭವಿಸಿದವರೇ ಊರ ಸಭೆಗೆ ಜಾಸ್ತಿ ಬರುತ್ತಿದ್ದರು, ಸಂಘಗಳಿಗೆ ಸೇರುತ್ತಿದ್ದರು, ಮತ ಹಾಕುತ್ತಿದ್ದರು. ಆಫ್ರಿಕಾದ್ದೇ ಇನ್ನೊಂದು ದೇಶ ಬುರುಂಡಿಯಲ್ಲೂ ಒಳಯುದ್ಧದ ಹಿಂಸೆ ಕಂಡ ಹಳ್ಳಿಯವರು ಅಕ್ಕಪಕ್ಕದವರಿಗೆ ದುಡ್ಡು ಹಂಚೋ ಪ್ರಯೋಗದಲ್ಲಿ ಕೈ ಬಿಚ್ಚಿ ಕೊಟ್ಟರು. ಪೊಲೀಸ್, ಆಸ್ಪತ್ರೆ ಯಾವುದೂ ಇಲ್ಲದಾಗ ಪಕ್ಕದ ಮನೆಯವರೇ ಗತಿ ಅಲ್ವಾ, ಆ ರೂಢಿ ಹಾಗೇ ಉಳಿಯುತ್ತದೆ ಅಂತ ನನಗನಿಸುತ್ತದೆ.

ಹುಬ್ಬಳ್ಳಿ ಕಾಕಾ:
ಮಾಸ್ತರ, ಕೊಟ್ಟಿದ್ದು ಯಾರಿಗೆ ಅಂತ ನೋಡಬೇಕ್ರಿ. 2008ರ ರಷ್ಯಾ ಯುದ್ಧ ಆದ ಮೇಲೆ ಜಾರ್ಜಿಯಾದ ಮಕ್ಕಳ ಜೊತೆ ಹಂಚಿಕೊಳ್ಳೋ ಆಟ ಆಡಿಸಿದ್ದರು. ಯುದ್ಧದ ಬಿಸಿ ಜಾಸ್ತಿ ತಟ್ಟಿದ ಮಕ್ಕಳು, ಅದರಲ್ಲೂ ಏಳು ವರ್ಷ ದಾಟಿದವರು, ತಮ್ಮವರ ಜೊತೆ ಸಮ ಪಾಲು ಮಾಡಿದರು. ಹೊರಗಿನವರಿಗೆ ಆ ಔದಾರ್ಯ ಸಿಗಲಿಲ್ಲ. ನೇಪಾಳದ್ದು ಇನ್ನೊಂದು ಥರ. 1996ರಿಂದ 2006ರ ಮಾವೋವಾದಿ ಯುದ್ಧದಲ್ಲಿ ಊರಿನ ಜೊತೆ ಅಷ್ಟು ಬೆರೆಯದವರು ಮೊದಲೇ ಹೊರಟುಹೋದರು, ಉಳಿದವರು ಒಗ್ಗಟ್ಟಾದರು. ಹಾಗಾಗಿ ಈ ಒಗ್ಗಟ್ಟು ಅನ್ನೋದರಲ್ಲಿ ಒಂದು ಭಾಗ ಸುಮ್ನೆ ಯಾರು ಉಳಿದರು ಅನ್ನೋ ಲೆಕ್ಕ. ನನಗೆ ಚಿಂತೆ ಆಗೋದು ಇಲ್ಲೇ. ಒಳಗಿನ ಪ್ರೀತಿ ಗಟ್ಟಿಯಾದಷ್ಟೂ ಎದುರು ಗುಂಪಿನವರು ಮನುಷ್ಯರಾಗಿ ಕಾಣೋದು ಕಡಿಮೆ ಆದರೆ, ಮುಂದಿನ ಜಗಳಕ್ಕೆ ಅದೇ ಬೀಜ.

ಧಾರವಾಡದ ಓದುಗ:
ಕಾಕಾ, ಇದು ನಾನು ಯೋಚಿಸಿರದ ದಿಕ್ಕು. ನಮ್ಮ ಹತ್ತಿರದಲ್ಲಿ ಯಾವುದಾದರೂ ಉದಾಹರಣೆ ಇದೆಯಾ?

ಹಾನಗಲ್ಲಿನಿಂದ ಒಬ್ಬಳು:
ಮುಂಡಗೋಡದ ಟಿಬೆಟನ್ ಕ್ಯಾಂಪ್ ಇದೆ ನೋಡಿ. ಟಿಬೆಟ್‌ನಲ್ಲಿ ಚೀನಾ ವಿರುದ್ಧ ನಡೆದ 1959ರ ದಂಗೆಯ ನಂತರ ದೇಶ ಬಿಟ್ಟವರಿಗಾಗಿ 1966ರಲ್ಲಿ ಶುರುವಾಗಿದ್ದು. ಸಹಕಾರ ಸಂಘ, ವೃದ್ಧಾಶ್ರಮ ಎಲ್ಲಾ ತಾವೇ ಕಟ್ಟಿಕೊಂಡಿದ್ದಾರೆ. ಆದರೆ ಅದು ಹಿಂಸೆ ಕಂಡಿದ್ದರ ಫಲವೋ, ಪರದೇಶದಲ್ಲಿ ಬದುಕಬೇಕಾದ ಅನಿವಾರ್ಯವೋ, ಬೇರ್ಪಡಿಸೋದು ಕಷ್ಟ. ಹುಬ್ಬಳ್ಳಿಯಿಂದ ಬಸ್ಸಿದೆ. ಹೋದರೆ ಹಿರಿಯರನ್ನ ದಾಳಿಯ ಬಗ್ಗೆ ನೇರವಾಗಿ ಕೇಳಬೇಡಿ, ಮೊದಲ ವರ್ಷಗಳಲ್ಲಿ ಇಲ್ಲಿನ ಹಳ್ಳಿಯವರು ಹೇಗೆ ನಡೆಸಿಕೊಂಡರು ಅಂತ ಕೇಳಿ.