ಗಂಡ-ಹೆಂಡತಿ ಮಾತು ಬಿಟ್ಟರೆ ಮಗನ ಹೊಟ್ಟೆ ಯಾಕೆ ನೋಯುತ್ತದೆ?

ಪ್ರಶ್ನೆ (ಹೆಸರು ಬೇಡ ಎಂದಿದ್ದಾರೆ, ಕಾರವಾರ):
ಮೇಡಂ, ನಮ್ಮ ಮನೆಯವರಿಗೆ ಟ್ರಾಲರ್ ಬೋಟಿನಲ್ಲಿ ಕೆಲಸ. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ಬಂದ್ ಇರುತ್ತದಲ್ಲ, ಆಗ ಪೂರ್ತಿ ಮನೆಯಲ್ಲೇ. ಕೈಯಲ್ಲಿ ದುಡ್ಡಿಲ್ಲ, ಹೊರಗೆ ಮಳೆ, ಸಣ್ಣ ಮಾತಿಗೂ ಜಗಳ. ಮಕ್ಕಳೆದುರು ಕೂಗಾಡಬಾರದು ಅಂತ ಇಬ್ಬರೂ ಒಪ್ಪಿಕೊಂಡಿದ್ದೇವೆ. ಹಾಗಾಗಿ ಮಾತೇ ಬಿಡುತ್ತೇವೆ. ಮೂರು ದಿನ, ಕೆಲವೊಮ್ಮೆ ವಾರ. "ಊಟಕ್ಕೆ ಬರ್ಬೇಕಂತೆ ಅಂತ ಅಪ್ಪನಿಗೆ ಹೇಳು" ಎಂದು ಮಗನನ್ನೇ ಕಳಿಸುವುದು. ಅವನಿಗೆ ಎಂಟು ವರ್ಷ. ಈಗ ಶಾಲೆಗೆ ಹೊರಡುವಾಗ ದಿನಾ ಹೊಟ್ಟೆನೋವು ಅನ್ನುತ್ತಾನೆ. ಡಾಕ್ಟರು ನೋಡಿ ಏನೂ ಇಲ್ಲ ಅಂದರು. ಮೊನ್ನೆ ಶಾಲೆಯ ಅಕ್ಕೋರು ನನ್ನನ್ನು ಕರೆದು ಮನೆಯಲ್ಲಿ ಎಲ್ಲ ಸರಿ ಇದೆಯಾ ಅಂತ ಕೇಳಿದರು. ನಾವು ಜಗಳವನ್ನೇ ತೋರಿಸದಿದ್ದರೂ ಅವನಿಗೆ ಗೊತ್ತಾಗುತ್ತದಾ?

ಉತ್ತರ (ಆಪ್ತಸಮಾಲೋಚಕಿ):
ಗೊತ್ತಾಗುತ್ತದೆ ತಂಗಿ. ಊಟಕ್ಕೆ ಕರೆಯಲು ಅವನನ್ನೇ ಕಳಿಸುತ್ತಿದ್ದೀರಲ್ಲ, ಗೊತ್ತಾಗದೆ ಇರುತ್ತದಾ?

ಮೊದಲು ಹೊಟ್ಟೆನೋವಿನ ವಿಷಯ. ಅದು ನಾಟಕ ಅಲ್ಲ. ಮನಸ್ಸಿಗೆ ಭಯ ಹೊಕ್ಕರೆ ಕರುಳು ಬಿಗಿಯುತ್ತದೆ, ನೋವು ನಿಜವಾಗಿಯೇ ಬರುತ್ತದೆ. "ಸುಮ್ನೆ ಸುಳ್ಳು ಹೇಳ್ಬೇಡ" ಅಂತ ಗದರಬೇಡಿ. ತೂಕ ಇಳಿದರೆ, ಮತ್ತೆ ಮತ್ತೆ ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ನೋವಿಗೆ ರಾತ್ರಿ ನಿದ್ದೆಯಿಂದ ಎದ್ದರೆ ತಡಮಾಡದೆ ಮತ್ತೆ ಡಾಕ್ಟರ ಹತ್ತಿರ ಹೋಗಿ. ಶಾಲೆಯ ಭಯವೂ ಕಾರಣ ಇರಬಹುದು, ಅದನ್ನೂ ಅಕ್ಕೋರ ಹತ್ತಿರ ವಿಚಾರಿಸಿ. ಆದರೆ ಶಾಲೆಗೆ ಹೊರಡುವ ಹೊತ್ತಿಗೆ ಬರುವ ನೋವಿಗೆ ಇನ್ನೊಂದು ಅರ್ಥವೂ ಇರುತ್ತದೆ. ತಾನು ಮನೆಯಲ್ಲಿ ಇಲ್ಲದಾಗ ಏನಾಗಿಬಿಡುತ್ತದೋ ಅನ್ನುವ ಕಾವಲು ಬುದ್ಧಿ. ಈ ವಯಸ್ಸಿನವರು "ನನ್ನಿಂದಲೇ ಹೀಗಾಯಿತು" ಅಂತಲೂ ಅಂದುಕೊಳ್ಳುತ್ತಾರೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಕ್ ಕಮ್ಮಿಂಗ್ಸ್ ಮತ್ತು ಅವರ ಜೊತೆಗಾರರು ದೊಡ್ಡವರ ಜಗಳದ ದೃಶ್ಯಗಳನ್ನು ಮಕ್ಕಳಿಗೆ ತೋರಿಸಿ ಅಧ್ಯಯನ ಮಾಡಿದ್ದಾರೆ. ಜಗಳ ಬಗೆಹರಿದದ್ದನ್ನು ಕಂಡಾಗ ಮಕ್ಕಳ ಕಳವಳ ಬಹಳ ಇಳಿಯಿತು. ಮಾತಿಲ್ಲದ ಮುನಿಸು ಕೂಡ ಅವರನ್ನು ಕಾಡಿತು. ಒಳಗೆ ರಾಜಿಯಾಗಿ ಬಂದು ಮಗುವಿಗೆ ಬಾಯಿಮಾತಲ್ಲಿ "ಸರಿ ಮಾಡಿಕೊಂಡೆವು" ಅಂದರೂ ಪ್ರಯೋಜನ ಇದೆ. ನಿಮ್ಮ ಮಗನಿಗೆ ಸಿಗದೇ ಇರುವುದು ಇದೇ. ಶುರು ಕಾಣುತ್ತದೆ, ಮುಗಿದದ್ದು ಕಾಣುವುದಿಲ್ಲ.

ಹಾಗಾಗಿ ಸಣ್ಣಪುಟ್ಟ ಜಗಳ ಅವನೆದುರು ಆದರೆ ಆಗಲಿ. ಬೈಗುಳ ಬೇಡ, ಹಂಗಿಸುವುದು ಬೇಡ, ತವರುಮನೆ ಎಳೆದು ತರುವುದಂತೂ ಬೇಡವೇ ಬೇಡ. ಆಮೇಲೆ ಅವನೆದುರೇ ಮುಗಿಸಿ. "ದುಡ್ಡಿನ ವಿಷಯಕ್ಕೆ ನನಗೂ ಅಪ್ಪನಿಗೂ ಸಿಟ್ಟು ಬಂದಿತ್ತು. ನಿನ್ನಿಂದ ಅಲ್ಲ. ಈಗ ಮಾತಾಡಿಕೊಂಡೆವು." ಇಷ್ಟು ಸಾಕು. ಆದರೆ ಹೇಳಿದ್ದು ನಿಜವಾಗಿರಬೇಕು. ಎದುರಿಗೆ ನಗು, ಒಳಗೆ ಮುನಿಸು ಅಂತಾದರೆ ಮಕ್ಕಳು ಅದನ್ನೂ ಹಿಡಿಯುತ್ತಾರೆ. ಮತ್ತೆ, ಊಟಕ್ಕೆ ನೀವೇ ಕರೆಯಿರಿ.

ಇನ್ನೊಂದು. ಬಂದ್ ಪ್ರತಿ ವರ್ಷ ಅದೇ ತಾರೀಕಿಗೆ ಬರುತ್ತದೆ, ಅಲ್ವಾ? ಹಾಗಿದ್ದರೆ ಲೆಕ್ಕ ಮೇ ತಿಂಗಳಲ್ಲೇ ಆಗಲಿ. ಅಕ್ಕಿ, ಶಾಲೆ ಖರ್ಚು, ಸಾಲದ ಕಂತು. ಮೀನುಗಾರರ ಉಳಿತಾಯ-ಪರಿಹಾರ ಯೋಜನೆಯಲ್ಲಿ ಹೆಸರು ಇದೆಯಾ ಅಂತ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ. ಇದು ಸಮಾಲೋಚಕಿ ಹೇಳುವ ಮಾತಲ್ಲ ಅನ್ನಿಸಬಹುದು. ಆದರೆ ನನ್ನ ಹತ್ತಿರ ಬರುವ ಎಷ್ಟೋ ದಾಂಪತ್ಯದ ಜಗಳಗಳು ಕೊನೆಗೆ ಕಿರಾಣಿ ಅಂಗಡಿಯ ಉದ್ರಿ ಚೀಟಿಗೇ ಬಂದು ನಿಲ್ಲುತ್ತವೆ.

ಪ್ರಶ್ನೆ ಕೇಳಿದವರು:
ಚಿಕ್ಕವಳಿಗೆ ಎಂಟು ತಿಂಗಳು. ಅವಳಿಗೇನೂ ತಿಳಿಯುವುದಿಲ್ಲ ಅಲ್ವಾ?

ಉತ್ತರ:
ಮಾತು ತಿಳಿಯುವುದಿಲ್ಲ, ದನಿ ತಿಳಿಯುತ್ತದೆ. ಒರೆಗಾನ್ ವಿಶ್ವವಿದ್ಯಾಲಯದವರು 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಆರರಿಂದ ಹನ್ನೆರಡು ತಿಂಗಳ ಮಕ್ಕಳು ನಿದ್ದೆಯಲ್ಲಿದ್ದಾಗ ಸಿಟ್ಟಿನ ದನಿ ಕೇಳಿಸಿ ಮೆದುಳನ್ನು ಸ್ಕ್ಯಾನ್ ಮಾಡಿದರು. ಜಗಳ ಜಾಸ್ತಿ ಇರುವ ಮನೆಯ ಮಕ್ಕಳಲ್ಲಿ, ಒತ್ತಡಕ್ಕೆ ಸಂಬಂಧಿಸಿದ ಭಾಗಗಳು ಆ ದನಿಗೆ ಹೆಚ್ಚು ಸ್ಪಂದಿಸಿದವು. ಗಾಬರಿ ಬೇಡ, ಒಂದು ಜಗಳಕ್ಕೆ ಮಗು ಕೆಡುವುದಿಲ್ಲ. ಮಲಗಿದೆ ಅಂತ ತೊಟ್ಟಿಲ ಪಕ್ಕ ನಿಂತು ಕೂಗಾಡಬೇಡಿ, ಅಷ್ಟೇ.

ಸದಸ್ಯರು (ಶಿರಸಿ):
ನಮ್ಮದು ಕೂಡು ಮನೆ. ಎಲ್ಲರೆದುರು ಜಗಳ ಆಡಲೂ ಜಾಗವಿಲ್ಲ. ಮಗಳಿಗೆ ಹದಿನಾಲ್ಕು. ಅವಳ ಅಪ್ಪನ ಬಗ್ಗೆ ನನ್ನ ದುಃಖವನ್ನೆಲ್ಲ ಅವಳ ಹತ್ತಿರವೇ ಹೇಳಿಕೊಳ್ಳುತ್ತೇನೆ. "ಆಯಿ, ನೀನು ಅಳ್ಬೇಡ, ನಾನಿದ್ದೇನೆ" ಅನ್ನುತ್ತಾಳೆ. ಬಹಳ ಪ್ರಬುದ್ಧೆ.

ಉತ್ತರ:
ಅಕ್ಕಾ, ಇದು ನನಗೆ ಮೇಲಿನ ಹೊಟ್ಟೆನೋವಿಗಿಂತ ಜಾಸ್ತಿ ಚಿಂತೆಯ ವಿಷಯ. ಆ ಹುಡುಗನ ತೊಂದರೆ ಕಾಣುತ್ತದೆ, ನಿಮ್ಮ ಮಗಳದ್ದು ಕಾಣುವುದಿಲ್ಲ. ಮನೆಗೆಲ್ಲ ಒಳ್ಳೆಯವಳಾಗಿ, ಅಪ್ಪನನ್ನು ಪ್ರೀತಿಸಿದರೆ ನಿಮಗೆ ದ್ರೋಹ ಮಾಡಿದ ಹಾಗೆ ಅಂದುಕೊಂಡು ಬದುಕುವ ಮಕ್ಕಳು ಇರುತ್ತಾರೆ. ನಿಮಗೆ ಹೇಳಿಕೊಳ್ಳಲು ಒಬ್ಬರು ಬೇಕು, ಖಂಡಿತ. ಅಕ್ಕ-ತಂಗಿ ಆಗಲಿ, ಗೆಳತಿ ಆಗಲಿ, ನಮ್ಮಂಥವರಾಗಲಿ. ಮಗಳು ಬೇಡ. ನಡುವೆ ಬಂದರೆ "ಇದು ನಾವು ದೊಡ್ಡವರು ನೋಡಿಕೊಳ್ಳುತ್ತೇವೆ, ನೀನು ಓದಿಕೋ" ಅನ್ನಿ.

ಸದಸ್ಯರು (ಕುಮಟಾ):
ನಮ್ಮ ಅಪ್ಪ ಆಯಿಗೆ ದಿನಾ ಹೊಡೆಯುತ್ತಿದ್ದರು. ನಾವು ನಾಲ್ಕು ಮಕ್ಕಳೂ ಚೆನ್ನಾಗಿಯೇ ಇದ್ದೇವೆ. ಈಗಿನವರದ್ದು ಎಲ್ಲ ಅತಿಯಾಯಿತು.

ಉತ್ತರ:
ನೀವು ಚೆನ್ನಾಗಿರುವುದು ಸಂತೋಷ. ಅಂಥ ಮನೆಗಳಿಂದ ಗಟ್ಟಿಯಾಗಿ ಬಂದವರನ್ನು ಕೇಳಿದರೆ ಹೆಚ್ಚಾಗಿ ಒಬ್ಬ ಅಜ್ಜಿಯೋ ಮಾಸ್ತರೋ ಬೆನ್ನಿಗಿದ್ದ ಕತೆ ಹೊರಗೆ ಬರುತ್ತದೆ. ಆದರೆ ಹೊಡೆತ ಇದ್ದಲ್ಲಿ ನಾನು ಮೇಲೆ ಹೇಳಿದ "ಎದುರೇ ಮುಗಿಸಿ" ಅನ್ನುವುದು ನಡೆಯುವುದಿಲ್ಲ. ಅದು ದಾಂಪತ್ಯದ ಜಗಳ ಅಲ್ಲ. ಮೊದಲು ತಾಯಿ-ಮಕ್ಕಳು ಸುರಕ್ಷಿತವಾಗಬೇಕು. ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಸಂರಕ್ಷಣಾಧಿಕಾರಿ (ಇಂಥ ಮಹಿಳೆಯರ ನೆರವಿಗೆ ಸರ್ಕಾರ ನೇಮಿಸಿದ ಅಧಿಕಾರಿ) ಹತ್ತಿರ ದೂರು ಕೊಡಬಹುದು. "ಮಕ್ಕಳಿಗಾಗಿ ಸಹಿಸಿಕೋ" ಅಂತ ಯಾರಿಗೂ ಹೇಳಬೇಡಿ. ಆ ಮಾತನ್ನು ಮಕ್ಕಳೂ ಕೇಳಿಸಿಕೊಳ್ಳುತ್ತಿರುತ್ತಾರೆ.

ಪ್ರಶ್ನೆ ಕೇಳಿದವರು:
ನಮ್ಮಲ್ಲಿ ಹೊಡೆತ ಇಲ್ಲ ಮೇಡಂ. ಆದರೆ ಸಮಾಲೋಚನೆ ಅಂದರೆ ಅವರು ಬರುವುದಿಲ್ಲ. "ನಾನೇನು ಹುಚ್ಚನಾ" ಅನ್ನುತ್ತಾರೆ.

ಉತ್ತರ:
ಹಾಗಾದರೆ ಅವರನ್ನು ಅವರ ಸಲುವಾಗಿ ಕರೆಯಬೇಡಿ. ಮಗನ ಹೊಟ್ಟೆನೋವಿಗೆ ಕರೆಯಿರಿ, ಅದಕ್ಕೆ ಹೆಚ್ಚಿನ ಅಪ್ಪಂದಿರು ಬರುತ್ತಾರೆ. ಬರದಿದ್ದರೆ ನೀವೊಬ್ಬರೇ ಹೋಗಿ, ಒಬ್ಬರು ಮಾತಾಡುವ ರೀತಿ ಬದಲಾದರೂ ಮನೆಯ ಗಾಳಿ ಸ್ವಲ್ಪ ಸಡಿಲವಾಗುತ್ತದೆ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ವಿಚಾರಿಸಿ. ಹೊರಗೆ ಹೋಗಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಗನಿಗೆ ನೋವು ಬಂದ ದಿನ, ಅದರ ಹಿಂದಿನ ರಾತ್ರಿ ಮನೆಯಲ್ಲಿ ಏನಾಗಿತ್ತು ಅಂತ ಎರಡು ವಾರ ಒಂದು ಚೀಟಿಯಲ್ಲಿ ಬರೆದಿಡಿ. ಅದನ್ನು ಅವರಿಗೂ ತೋರಿಸಿ.